ಮೆಹರಾಜ್ ಆಪಾಳ ನಂಬರು

ಇದು ನಡೆದ ಕತೆ. ಅನುಮಾನ ಇದ್ದವರು ನ್ಯಾಮತಿ ಬಸ್ ನಿಲ್ದಾಣದ ಎದುರಿಗಿರುವ ಸಣ್ಣಪ್ಪನ ಹೋಟೆಲಿನಲ್ಲಿ ಕೂತು ಯಾರನ್ನು ಬೇಕಾದರೂ ಕೇಳಬಹುದು. ಆದರೆ ಮುಖ ನೋಡಿ ಕೇಳಿ, ಫೋನಿನಲ್ಲಿ ಬೇಡ. ಫೋನಿನಲ್ಲಿ ಕೇಳಿದರೆ, "ಹೌದ್ರೀ, ನಾನೇ ಕಣ್ಣಾರೆ ಕಂಡೀನಿ" ಎಂದದ್ದು ಸಣ್ಣಪ್ಪನೋ, ಬಸ್ಸಿನ ಕಂಟ್ರೋಲರೋ, ಇಲ್ಲಾ ಆ ಮೈಕ್ ಕರೀಮನೋ ಎಂದು ಆಣೆ ಮಾಡಿ ಹೇಳಲು ಈ ಸೀಮೆಯಲ್ಲಿ ಯಾರಿಂದಲೂ ಆಗುವುದಿಲ್ಲ.

ಕರೀಮನಿಗೆ ಐವತ್ತಮೂರು ವರ್ಷ. ಕಾಲೇಜಿನಲ್ಲಿ ಬಿ.ಎ. ಓದುವಾಗ ಪ್ರಿನ್ಸಿಪಾಲರ ಧ್ವನಿಯಲ್ಲಿ ಮೈಕಿನೊಳಗೆ ರಜೆ ಘೋಷಿಸಿ, ಅರ್ಧ ಕಾಲೇಜು ಊರು ಸೇರಿದ ಮೇಲೆ ಸಿಕ್ಕಿಬಿದ್ದವನು. ಪುಣ್ಯಕ್ಕೆ ಡಿಗ್ರಿ ಕೊಟ್ಟರು, ನಡತೆಯ ಪ್ರಮಾಣಪತ್ರ ಕೊಡುವಾಗ ಮಾತ್ರ ಸ್ವಲ್ಪ ಯೋಚಿಸಿದರಂತೆ. ಅಂದಿನಿಂದ ಗಂಟಲೇ ಅವನ ಹೊಟ್ಟೆ ಹೊರೆಯಿತು. ಗೋವಿನಕೋವಿಯ ಕಲ್ಲೇಶಪ್ಪನ ಲಗೇಜ್ ಆಟೋದ ತಲೆಯ ಮೇಲೆ ಎರಡು ಧ್ವನಿವರ್ಧಕದ ಹಾರ್ನ್ ಕಟ್ಟಿಕೊಂಡು ಇಬ್ಬರೂ ಇಪ್ಪತ್ತು ವರ್ಷದಿಂದ ಊರೂರು ಸಾರುತ್ತಿದ್ದಾರೆ. ಸೀರೆ ಅಂಗಡಿಯ ರಿಯಾಯಿತಿ, ದನಗಳ ಲಸಿಕೆ, ಕರೆಂಟು ಹೋಗುವ ಸಮಯ, ಕಾಣೆಯಾದ ಎಮ್ಮೆ, ಎಲ್ಲವೂ ಕರೀಮನ ಬಾಯಿಂದಲೇ ನಾಲ್ಕು ತಾಲ್ಲೂಕಿಗೆ ತಲುಪಬೇಕು. ಪ್ರತಿ ಮಾತನ್ನೂ ಎರಡೆರಡು ಸಲ ಹೇಳುವುದು ಅವನ ಪದ್ಧತಿ. ಒಂದು ಸಲ ಕಿವಿಗೆ, ಇನ್ನೊಂದು ಸಲ ತಲೆಗೆ ಎನ್ನುತ್ತಾನೆ.

ಕಲ್ಲೇಶಪ್ಪ ಗಾಡಿ ಓಡಿಸುತ್ತಾನೆ, ಅಷ್ಟೇ. ಮೈಕಿನ ಪೆಟ್ಟಿಗೆಗೆ ಎಷ್ಟು ಗುಂಡಿ ಇವೆ, ಯಾವುದು ಒತ್ತಿದರೆ ಏನಾಗುತ್ತದೆ ಎಂಬುದು ಇಪ್ಪತ್ತು ವರ್ಷವಾದರೂ ಅವನಿಗೆ ಬೇಕಾಗಲಿಲ್ಲ. ಗಾಡಿ ಮನೆ ಮುಂದೆ ನಿಂತ ಮೇಲೂ ಕರೀಮನೇ ಕೈ ಚಾಚಿ ಸ್ವಿಚ್ ಆರಿಸಬೇಕು.

ನ್ಯಾಮತಿ ತಾಲ್ಲೂಕು ಕೇಂದ್ರವಾದ ವರ್ಷ ಒಂದು ಬೆಳಿಗ್ಗೆ ಕಲ್ಲೇಶಪ್ಪನಿಗೆ ಫೋನು ಬಂತು. ತಾಲ್ಲೂಕು ಕಚೇರಿಯ ಗುಮಾಸ್ತರ ಧ್ವನಿ. ಹೊಸ ಸಾಹೇಬರ ಮೊದಲ ಮೆರವಣಿಗೆಗೆ ತಮ್ಮ ಆಟೋ ಆರಿಸಲಾಗಿದೆ, ತೊಳೆದು, ಹೂವಿನ ಹಾರ ಹಾಕಿಸಿ, ಒಂಬತ್ತಕ್ಕೆ ಬಸ್ ನಿಲ್ದಾಣದಲ್ಲಿ ಹಾಜರಿರಬೇಕು. ಕಲ್ಲೇಶಪ್ಪ ಇಸ್ತ್ರಿ ಅಂಗಿ ತೊಟ್ಟು, ಚೆಂಡುಹೂವಿನ ಹಾರ ಹಾಕಿದ ಆಟೋದ ಪಕ್ಕ ಕೈಕಟ್ಟಿಕೊಂಡು ಹನ್ನೆರಡು ಗಂಟೆಯವರೆಗೆ ನಿಂತ. ಎದುರು ಹೋಟೆಲಿನಲ್ಲಿ ಕರೀಮ ನಾಲ್ಕು ಲೋಟ ಚಹಾ ಕುಡಿದ. ಆ ಗುಮಾಸ್ತರು ಯಾರೆಂದು ಕಡೆಗೆ ಗೊತ್ತಾದಾಗ ಕಲ್ಲೇಶಪ್ಪ ಬೈಯಲಿಲ್ಲ. ಹಾರ ಬಿಚ್ಚಿ ಸೀಟಿನ ಮೇಲಿಟ್ಟು, "ನಿಂಗೂ ಒಂದು ದಿನ ಐತೆ ಬಿಡು" ಎಂದ. ಆ ದಿನ ಬಂದಿರಲಿಲ್ಲ. ಕಲ್ಲೇಶಪ್ಪನಿಗೆ ಸುಳ್ಳು ಹೇಳುವಾಗ ಕಿವಿ ಕೆಂಪಗಾಗುತ್ತಿತ್ತು.

ಹಗಲು ಹೀಗೆ ಕಳೆಯುತ್ತಿತ್ತು. ಸಂಜೆಯದೇ ಬೇರೆ. ಸ್ವಿಚ್ ಆರಿಸಿ ಒಳಗೆ ಬಂದರೆ ಎರಡು ಕೋಣೆಯ ಮನೆ. ಗೋಡೆಗೆ ಎರಡು ಗೂಟ, ಒಂದರಲ್ಲಿ ಅವನ ಅಂಗಿ, ಇನ್ನೊಂದರಲ್ಲಿ ಅಕ್ಕನ ಬಳೆಯ ಬುಟ್ಟಿ. ಮೆಹರಾಜ್ ಬೇಗಂ, ಅವನ ಬಾಯಲ್ಲಿ ಆಪಾ, ಅವನಿಗಿಂತ ಆರು ವರ್ಷ ದೊಡ್ಡವಳು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು, ಬುಟ್ಟಿ ಹೊತ್ತು ಚನ್ನಗಿರಿಯಿಂದ ನಲ್ಲೂರಿನವರೆಗೂ ಬಳೆ ತೊಡಿಸಿ ತಮ್ಮನನ್ನು ಓದಿಸಿದಳು. ತಮ್ಮನಿಗೆ ಹೆಣ್ಣು ನೋಡುವ ಮಾತು ಪ್ರತಿ ವರ್ಷ ಬಂದು ಪ್ರತಿ ವರ್ಷ ಮುಂದಕ್ಕೆ ಹೋಯಿತು. ನಾಲ್ಕು ವರ್ಷದ ಹಿಂದೆ ಅವಳ ಹೊಟ್ಟೆ ಉಬ್ಬತೊಡಗಿತು. ಗ್ಯಾಸ್ ಎಂದರು, ಊಟ ಹೆಚ್ಚಾಗಿದೆ ಎಂದರು. ದಾವಣಗೆರೆಗೆ ಕರೆದೊಯ್ಯುವ ಹೊತ್ತಿಗೆ ಲಿವರಿನ ಗಡ್ಡೆ ಮುಷ್ಟಿ ಮೀರಿತ್ತು. ಕಲ್ಲೇಶಪ್ಪನ ಇದೇ ಆಟೋದಲ್ಲಿ, ಮುಂದಿನ ಕಂಬಿ ಹಿಡಿದುಕೊಂಡು, ಹಾದಿಯುದ್ದಕ್ಕೂ ಹೊಂಡ ಬಂದಾಗಲೆಲ್ಲ ಉಸಿರು ಬಿಗಿಹಿಡಿದು ಕೂತಿದ್ದಳು. ಮೂರು ತಿಂಗಳಲ್ಲಿ ಮುಗಿಯಿತು.

ಹೆಪಟೈಟಿಸ್ ಬಿ ಎಂಬ ವೈರಸ್ಸು ತಾಯಿಯಿಂದ ಹುಟ್ಟುವಾಗಲೇ ಬಂದಿರಬೇಕು, ತಮ್ಮನೂ ಪರೀಕ್ಷೆ ಮಾಡಿಸಿಕೊಳ್ಳಲಿ ಎಂದು ಅಲ್ಲಿನ ಡಾಕ್ಟರು ಹೇಳಿದ್ದರು. ಮಾಡಿಸಿದ. ಇತ್ತು. ಆ ಕಾಗದವನ್ನು ಮಡಚಿ ಬಳೆಯ ಬುಟ್ಟಿಯ ತಳದಲ್ಲಿಟ್ಟ, ಕಲ್ಲೇಶಪ್ಪನಿಗೂ ಹೇಳಲಿಲ್ಲ. ಆಪಾಳ ಸಣ್ಣ ಫೋನು ಮಾತ್ರ ಗೋಡೆಯ ಗೂಡಿನಲ್ಲಿ ಹಾಗೇ ಇತ್ತು. ಪ್ರತಿ ಇಪ್ಪತ್ತೆಂಟು ದಿನಕ್ಕೊಮ್ಮೆ ಅದಕ್ಕೆ ರೀಚಾರ್ಜ್ ಮಾಡಿಸುತ್ತಿದ್ದ. ಯಾಕೆ ಎಂದು ಅಂಗಡಿಯವನೂ ಕೇಳಲಿಲ್ಲ, ಅವನೂ ಕೇಳಿಕೊಳ್ಳಲಿಲ್ಲ. ನಾಲ್ಕು ವರ್ಷದಲ್ಲಿ ಆ ಫೋನಿಗೆ ಬಂದದ್ದು ಕಂಪನಿಯ ಮೆಸೇಜು ಮಾತ್ರ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಹೊಸದೊಂದು ಸಾರುವ ಕೆಲಸ ಬಂತು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯವರು ಸೋಮವಾರ ಚನ್ನಗಿರಿ, ಮಂಗಳವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಗುರುವಾರ ಜಗಳೂರು ಎಂದು ಒಂದು ವ್ಯಾನು ಕಳಿಸುತ್ತಾರೆ, ಕಾಮಾಲೆಯ ವೈರಸ್ಸು ಇರುವವರ ರಕ್ತ ತೆಗೆದು ಲಿವರ್ ಪರೀಕ್ಷೆ ಮಾಡುತ್ತಾರೆ. ಕರೀಮ ಇದನ್ನು ಎರಡೆರಡು ಸಲ ಸಾರುತ್ತಿದ್ದರೆ ಕಲ್ಲೇಶಪ್ಪ ಗೇರಿನ ಮೇಲೆ ಕೈಯಿಟ್ಟು, ನಮ್ಮ ಗಾಡಿಯ ಲಿವರೂ ಮೂರನೇ ಗೇರಿಗೆ ಬೀಳುತ್ತಿಲ್ಲ, ಇದನ್ನೂ ನೋಡುತ್ತಾರೇನು ಎಂದು ಕೇಳಿದ.

ಮೊದಲ ಬುಧವಾರ ವ್ಯಾನಿನ ಹತ್ತಿರ ಯಾರೂ ಸುಳಿಯಲಿಲ್ಲ. ಆ ಕಾಯಿಲೆ ಇದೆ ಎಂದು ನಾಲ್ಕು ಜನರೆದುರು ತೋರಿಸಿಕೊಳ್ಳಲು ಯಾರಿಗೆ ಬೇಕು? ಕೆಟ್ಟ ಚಾಳಿಯಿಂದ ಬಂತೆಂದೇ ಊರು ತಿಳಿಯುವುದು. ವ್ಯಾನಿನಲ್ಲಿ ರಕ್ತ ತೆಗೆಯುವ ಹುಡುಗಿ ಹೊನ್ನಾಳಿಯ ಸುಮೇರಾ. ಖಾಲಿ ಟ್ಯೂಬುಗಳ ಪಕ್ಕ ಖಾಲಿ ಬೆಂಚಿನಲ್ಲಿ ಹತ್ತು ಗಂಟೆಯವರೆಗೆ ಕೂತಿದ್ದಳು. ಕರೀಮ ಆಟೋದಿಂದ ಇಳಿದ. ಒಬ್ಬ ಕೂತರೆ ನಾಲ್ವರು ಬರುತ್ತಾರೆ, ನಾನು ಸುಮ್ಮನೆ ನಾಟಕಕ್ಕೆ ಕೂರುತ್ತೇನೆ ಎಂದು ಕಲ್ಲೇಶಪ್ಪನಿಗೆ ಕೇಳುವಂತೆ ಹೇಳಿ, ಅಂಗಿಯ ತೋಳು ಮಡಚಿದ. ಒಳಗೆ ಹೋಗಿ ಪರದೆ ಎಳೆದ ಮೇಲೆ ಮಾತ್ರ ಬುಟ್ಟಿಯ ತಳದಿಂದ ತಂದಿದ್ದ ಕಾಗದವನ್ನು ಜೇಬಿನಿಂದ ತೆಗೆದು ಅವಳ ಮುಂದಿಟ್ಟ.

ಸುಮೇರಾ ಅದನ್ನು ಓದಿ, ಏನೂ ಆಶ್ಚರ್ಯ ತೋರಿಸದೆ ಫಾರಂ ತೆಗೆದಳು. ಹೆಸರು, ವಯಸ್ಸು, ವಿಳಾಸ. ತುರ್ತು ವಿಷಯ ತಿಳಿಸಬೇಕಾದ ಹತ್ತಿರದ ಸಂಬಂಧಿ? ಕರೀಮ ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತ. ಬೇರೆ ಯಾವ ಹೆಸರೂ ಕೈಗೆ ಬರಲಿಲ್ಲ. ಮೆಹರಾಜ್ ಬೇಗಂ, ಅಕ್ಕ ಎಂದು ಬರೆದು, ಗೂಡಿನಲ್ಲಿದ್ದ ಫೋನಿನ ನಂಬರನ್ನೂ ಬರೆದ.

ರಕ್ತ ಟ್ಯೂಬಿಗೆ ಇಳಿಯುತ್ತಿರುವಾಗ ಅವಳು ಏನನ್ನು ಹುಡುಕುತ್ತಾರೆ ಎಂದು ತಿಳಿಸಿ ಹೇಳಿದಳು. ನಮ್ಮ ಮೈಯ ಪ್ರತಿ ಜೀವಕೋಶವೂ ಹಗಲೂ ರಾತ್ರಿ ಸಣ್ಣ ಸಣ್ಣ ಪೊಟ್ಟಣಗಳನ್ನು ರಕ್ತಕ್ಕೆ ಬಿಡುತ್ತಿರುತ್ತದೆ. ಎಕ್ಸೋಸೋಮ್ ಅಂತ ಹೆಸರು. ಎಷ್ಟು ಸಣ್ಣದೆಂದರೆ ಒಂದು ಕೂದಲಿನ ಅಡ್ಡಕ್ಕೆ ಏಳೆಂಟು ನೂರು ಸಾಲಾಗಿ ನಿಲ್ಲಬಹುದು. ಪೊಟ್ಟಣದೊಳಗೆ ಆ ಕೋಶದ ಸುದ್ದಿ ಇರುತ್ತದೆ. ಲಿವರಿನಲ್ಲಿ ಕೆಟ್ಟ ಕೋಶ ಹುಟ್ಟಿದರೆ ಅದೂ ಪೊಟ್ಟಣ ಬಿಡುತ್ತದೆ. ಹೊರಗಿನಿಂದ ಒಳ್ಳೆಯದರ ಹಾಗೇ, ಒಳಗಿನ ಸುದ್ದಿ ಮಾತ್ರ ಬೇರೆ. ಅದನ್ನು ಹಿಡಿದು ಬಿಚ್ಚಿ ಓದಿದರೆ, ಗಡ್ಡೆ ಇನ್ನೂ ಕಡಲೆಕಾಳಿನಷ್ಟಿರುವಾಗಲೇ ಸುಳಿವು ಸಿಗಬಹುದು ಎಂಬುದು ಇವರ ಲೆಕ್ಕ.

"ಅಂದ್ರೆ ಅವೂ ಮಿಮಿಕ್ರಿ ಮಾಡ್ತಾವೆ ಅನ್ನು" ಎಂದ ಕರೀಮ.

ಅವಳಿಗೆ ನಗು ಬಂತು. ಇನ್ನೊಂದು ವಿಷಯ ಇದೆ ಚಾಚಾ ಎಂದಳು. ಅದೇ ಪೊಟ್ಟಣಕ್ಕೆ ಔಷಧಿ ತುಂಬಿ ವಾಪಸ್ಸು ಕಳಿಸುವ ಪ್ರಯತ್ನವೂ ನಡೆಯುತ್ತಿದೆಯಂತೆ. ಬೇರೆ ಔಷಧಿಯನ್ನು ಮೈ ಹೊರಗಿನದೆಂದು ತಡೆಯಬಹುದು, ತನ್ನದೇ ಪೊಟ್ಟಣವಾದರೆ ನಮ್ಮವನೇ ಬಂದ ಎಂದು ಲಿವರು ಬಾಗಿಲು ತೆರೆಯುತ್ತದಂತೆ. ಆದರೆ ಅದಿನ್ನೂ ಇಲಿಗಳ ಮೇಲಿನ ಪ್ರಯೋಗ, ಮನುಷ್ಯರಿಗೆ ಬರಲು ಕಾಲ ಬೇಕು. ಸದ್ಯಕ್ಕೆ ಸುಳಿವು ಹಿಡಿಯುವುದಷ್ಟೇ. ಅದೂ ಸುಳಿವು ಮಾತ್ರ, ಸ್ಕ್ಯಾನ್ ಆಗದೆ ಯಾರೂ ಕ್ಯಾನ್ಸರ್ ಎಂದು ಹೇಳುವಂತಿಲ್ಲ.

ಹೊರಗೆ ಬಂದ ಕರೀಮ ಸೂಜಿ ಚುಚ್ಚಿದ ಕೈಯನ್ನು ಎತ್ತಿ ಹಿಡಿದು, ನಾಟಕದ ಹೆಣ್ಣು ಪಾತ್ರದ ಧ್ವನಿಯಲ್ಲಿ ಅತ್ತು ತೋರಿಸಿದ. ಬಸ್ಸಿಗೆ ಕಾಯುತ್ತಿದ್ದವರು ನಕ್ಕರು. ಮಧ್ಯಾಹ್ನದೊಳಗೆ ಒಂಬತ್ತು ಜನ ಪರದೆಯೊಳಗೆ ಹೋಗಿ ಬಂದರು.

ಮೂರು ವಾರದ ಮೇಲೆ ಅವನ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಸುಮೇರಾ ಎಂದಿತ್ತು. ಚೆನ್ನಾಗಿದ್ದರೆ ಮೆಸೇಜು ಬರುತ್ತದೆ, ಏನಾದರೂ ಇದ್ದರೆ ನಾನೇ ಫೋನು ಮಾಡುತ್ತೇನೆ ಎಂದು ಅವಳು ಆವತ್ತೇ ಹೇಳಿದ್ದಳು. ಕರೀಮ ಗಂಟಲು ಸರಿಮಾಡಿಕೊಂಡು, ಹೋಟೆಲಿನ ಸಣ್ಣಪ್ಪನ ಗೊಗ್ಗರು ಧ್ವನಿಯಲ್ಲಿ, ಕರೀಮ ಫೋನು ಇಲ್ಲೇ ಬಿಟ್ಟು ಜಗಳೂರಿಗೆ ಹೋಗ್ಯಾನೆ ಎಂದ. ಮಾರನೆಯ ದಿನ ಮತ್ತೆ ಬಂದಾಗ ಯಾರೋ ಅಣ್ಣನ ಮಗನಾದ. ಆಗಲೂ ಕರೀಮ ಜಗಳೂರಿನಲ್ಲೇ ಇದ್ದ. ಜಗಳೂರಿನಲ್ಲಿ ಅವನಿಗೆ ಜಗಳವಾಡಲೂ ಒಬ್ಬ ಗುರುತಿನವನಿಲ್ಲ. ನಾಲ್ಕು ತಾಲ್ಲೂಕಿನಲ್ಲಿ ಅದೇ ಎಲ್ಲಕ್ಕಿಂತ ದೂರ ಎಂಬುದೊಂದೇ ಕಾರಣ.

ಮೂರನೆಯ ದಿನ ಸಂಜೆ, ಅವನು ಈರುಳ್ಳಿ ಹೆಚ್ಚುತ್ತಿರುವಾಗ, ಗೂಡಿನಲ್ಲಿದ್ದ ಆಪಾಳ ಫೋನು ಹೊಡೆದುಕೊಂಡಿತು.

ಅವನಿಗೆ ಮರೆತೇಹೋಗಿದ್ದ ರಾಗ ಅದು. ಅವಳು ಬುಟ್ಟಿ ಹೊತ್ತು ಬೀದಿಯ ತುದಿಯಲ್ಲಿ ಬರುವಾಗಲೇ ಕೇಳುತ್ತಿತ್ತು. ಎಂಟು ಸಲ ಹೊಡೆಯಿತು. ನಿಂತು ಹೋದರೆ ಆ ರಾಗ ಇನ್ನೆಂದೂ ಕೇಳುವುದಿಲ್ಲವೇನೋ ಎನಿಸಿ ಕೈ ಒರೆಸಿಕೊಳ್ಳದೆ ಎತ್ತಿದ. ಬಾಯಿ ತೆರೆದ. ಬಂದದ್ದು ಅವನ ಮಾತಲ್ಲ.

"ಯಾರ್ರೀ ಅದು?"

ಆಪಾಳ ಅದೇ ಹಳೆಯ ದಮ್ಮು, ಮಾತಿನ ಕೊನೆಯಲ್ಲಿ ಸ್ವಲ್ಪ ಮೇಲೇರುವ ಎಳೆತ, ಎಲ್ಲ ಹಾಗೇ. ಇಷ್ಟು ವರ್ಷದಲ್ಲಿ ಎಲ್ಲರ ಧ್ವನಿ ತೆಗೆದಿದ್ದ, ಇದೊಂದನ್ನು ಮುಟ್ಟಿರಲಿಲ್ಲ. ಗೋಡೆಯ ಗೂಟ ಕೂಡ ಬೆಚ್ಚಿದಂತಾಯಿತು ಅವನಿಗೆ.

ಸುಮೇರಾ ಸಲಾಂ ಹೇಳಿದಳು. ಚಿಕ್ಕಮ್ಮನನ್ನು ಕರೆದಂತೆ ಖಾಲಾ ಎಂದು ಕರೆದಳು. ಅರ್ಧ ಉರ್ದು, ಅರ್ಧ ಕನ್ನಡದಲ್ಲಿ, ಮೆತ್ತಗೆ, ಒಂದೊಂದೇ ಹೆಜ್ಜೆ ಇಟ್ಟು ವಿಷಯಕ್ಕೆ ಬಂದಳು. ನಿಮ್ಮ ತಮ್ಮನ ರಕ್ತದ ಪೊಟ್ಟಣಗಳಲ್ಲಿ ಒಂದು ಗುರುತು ಸಿಕ್ಕಿದೆ. ಇದರಿಂದಲೇ ಕ್ಯಾನ್ಸರ್ ಎಂದಲ್ಲ. ಆದರೆ ಬೇಗ ಸ್ಕ್ಯಾನ್ ಆಗಬೇಕು. ದಾವಣಗೆರೆಯಲ್ಲಿ ಶನಿವಾರ ಸಮಯ ಕೊಡಿಸಿದ್ದೇನೆ. ಅವರು ಫೋನಿಗೆ ಸಿಗುತ್ತಿಲ್ಲ, ನೀವು ಕಳಿಸಿಕೊಡಬೇಕು.

ಕರೀಮ ನೆಲದ ಮೇಲೆ ಕೂತ. ತಾನಾಗಿದ್ದರೆ ಆಗಲಿ ಎಂದು ಫೋನು ಇಡುತ್ತಿದ್ದನೋ ಏನೋ. ಆಪಾ ಇಡಲಿಲ್ಲ. ಆಪಾ ಕೇಳಿದಳು.

"ಬದುಕ್ತಾನೇನಮ್ಮಾ ನನ್ನ ತಮ್ಮ?"

"ಖಾಲಾ, ಇದ್ರೂ ಈಗಿನ್ನೂ ಸಣ್ಣದೇ ಇರಬೇಕು. ಸಣ್ಣದಿರುವಾಗ ಸುಟ್ಟು ತೆಗೀತಾರೆ, ಇಲ್ಲಾ ಕತ್ತರಿಸಿ ತೆಗೀತಾರೆ. ತಡ ಮಾಡಿದ್ರೆ ಮಾತ್ರ ನಂಗೆ ಏನೂ ಹೇಳಾಕೆ ಬರಲ್ಲ."

"ನೋವಾಗ್ತೈತೇನು? ಅವನಿಗೆ ಸೂಜಿ ಕಂಡ್ರೂ ಭಯ. ಎಲ್ಲರ ಮುಂದೆ ಹಾರಾಡ್ತಾನೆ ಅಷ್ಟೇ."

"ಸ್ಕ್ಯಾನಿಗೆ ಏನೂ ನೋವಿಲ್ಲ ಖಾಲಾ. ನೀವು ಜೊತೆಗೆ ಬನ್ನಿ."

ಆಪಾ, ಕಳಿಸ್ತೀನಮ್ಮಾ ಎಂದಳು.

ಫೋನಿಟ್ಟ ಮೇಲೆ ಮನೆ ಹಿಂದೆಂದಿಗಿಂತ ಖಾಲಿಯಾಯಿತು. ಕರೀಮ ಅರ್ಧ ಹೆಚ್ಚಿದ ಈರುಳ್ಳಿಯ ಮುಂದೆ ಬಹಳ ಹೊತ್ತು ಕೂತ. ಒಂದು ವಿಚಿತ್ರ ನೆಮ್ಮದಿ ಇತ್ತು. ಸುದ್ದಿ ಗೊತ್ತಾಗಿರುವುದು ಆಪಾಗೆ, ಅವನಿಗಲ್ಲ. ಹೊರಬೇಕಾದವಳು ಅವಳು. ಮೊದಲೂ ಎಲ್ಲ ಹೊತ್ತವಳು ಅವಳೇ ಅಲ್ಲವೆ?

ಆ ಶನಿವಾರ ಅವನು ಹೋಗಲಿಲ್ಲ. ಸೋಮವಾರ ಸಂಜೆ ಸುಮೇರಾ ಆಪಾಗೆ ಫೋನು ಮಾಡಿದಳು. ಆಪಾ ತಮ್ಮನನ್ನು ಚೆನ್ನಾಗಿ ಬೈದಳು, ಹುಡುಗಿಯ ಊಟ ಆಯಿತೇ ಎಂದು ಕೇಳಿದಳು, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಬೇಡ, ಗಾಳಿಗೆ ಕಿವಿ ನೋಯುತ್ತದೆ ಎಂದಳು. ಬುಧವಾರ ಮತ್ತೆ ಮಾತಾಯಿತು. ಸಂಜೆಯಾದರೆ ಕರೀಮ ಗೂಡಿನ ಕಡೆ ನೋಡತೊಡಗಿದ. ಫೋನು ಬರದ ದಿನ ಊಟ ಸೇರುತ್ತಿರಲಿಲ್ಲ. ಸ್ಕ್ಯಾನಿಗೆ ಹೋಗಿಬಿಟ್ಟರೆ ಆ ಹುಡುಗಿ ಆಪಾಗೆ ಇನ್ಯಾಕೆ ಫೋನು ಮಾಡುತ್ತಾಳೆ ಎಂಬ ಯೋಚನೆ ಒಂದು ಸಲ ಬಂತು. ಬಂದದ್ದನ್ನು ಕಂಡು ಅವನಿಗೇ ನಾಚಿಕೆಯಾಯಿತು. ಎರಡನೆಯ ಶನಿವಾರವೂ ಹೋಗಲಿಲ್ಲ. ಬಲಗಡೆ ಪಕ್ಕೆಯ ಕೆಳಗೆ ಆಗಾಗ ಕೈಯಿಟ್ಟು ನೋಡಿಕೊಳ್ಳುತ್ತಿದ್ದ. ಏನೂ ಇಲ್ಲ. ಆಪಾಳಿಗೂ ಮೊದಲು ಏನೂ ಇರಲಿಲ್ಲ.

ಸಾರುವ ಕೆಲಸಕ್ಕೂ ಮನಸ್ಸಿಲ್ಲದೆ ಗಂಟಲು ಕೆಟ್ಟಿದೆ ಎಂದ. ಕಲ್ಲೇಶಪ್ಪ, ಕರೀಮನೇ ಸ್ವಿಚ್ ಹಾಕಿ ಕೊಟ್ಟ ಹಳೆಯ ರೆಕಾರ್ಡಿಂಗನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಒಬ್ಬನೇ ಸುತ್ತಿದ. ಆ ವಾರ ಕರೀಮ ಮನೆಯಲ್ಲಿ ಕೂತು, ಬೀದಿಯ ಆಚೆ ತನ್ನದೇ ಧ್ವನಿ ಹಾದು ಹೋಗುವುದನ್ನು ಕೇಳಿಸಿಕೊಂಡ. ಬಂಧುಗಳೇ, ಬಂಧುಗಳೇ ಎನ್ನುತ್ತಿತ್ತು. ಅದಕ್ಕೆ ಅವನಿಲ್ಲದೆಯೂ ನಡೆಯುತ್ತಿತ್ತು.

ಇನ್ನು ಮುಂದಿನದು ಕರೀಮನಿಗೆ ಆಮೇಲೆ ಗೊತ್ತಾದದ್ದು. ಮೂರನೆಯ ವಾರದ ಬುಧವಾರ ಕಲ್ಲೇಶಪ್ಪ ವ್ಯಾನಿನ ಹತ್ತಿರ ಗಾಡಿ ನಿಲ್ಲಿಸಿದಾಗ ಸುಮೇರಾ ಮುಖ ಸಣ್ಣದು ಮಾಡಿಕೊಂಡಿದ್ದಳು. ಯಾವ ಪರೀಕ್ಷೆ, ಏನು ಬಂತು ಎಂದು ಒಂದು ಮಾತೂ ಬಿಡಲಿಲ್ಲ. ಕರೀಮ್ ಚಾಚಾ ಯಾಕೋ ಬರುತ್ತಿಲ್ಲ, ಅವರ ಅಕ್ಕ ಎಷ್ಟು ಒಳ್ಳೆಯವರು, ಮೊನ್ನೆಯೂ ಮಾತಾಡಿದೆ, ಕಳಿಸುತ್ತೇನೆ ಎನ್ನುತ್ತಾರೆ ಪಾಪ ಎಂದಳಷ್ಟೇ.

ಕಲ್ಲೇಶಪ್ಪ ಗಾಡಿ ಆಫ್ ಮಾಡಿದ. ಯಾವ ಅಕ್ಕ, ಅವಳು ಹೋಗಿ ನಾಲ್ಕು ವರ್ಷವಾಯಿತು ಎಂದ. ಅವನು ಮೆಹರಾಜಕ್ಕನ ಗುಂಡಿಗೆ ತನ್ನ ಕೈಯಾರೆ ಮೂರು ಹಿಡಿ ಮಣ್ಣು ಹಾಕಿ ಬಂದವನು. ಸುಮೇರಾ ಬಾಯಿಗೆ ಕೈಯಿಟ್ಟುಕೊಂಡಳು. ಆಮೇಲೆ, ಚಾಚಾ ಈ ಶನಿವಾರ ದಾವಣಗೆರೆಗೆ ಹೋಗಲೇಬೇಕು ಎಂದಷ್ಟು ಮಾತ್ರ ಹೇಳಿದಳು. ನಾಟಕಕ್ಕೆ ಎಂದು ಹೇಳಿ ಪರದೆಯೊಳಗೆ ಹೋದವನ ಮುಖ ಕಲ್ಲೇಶಪ್ಪನಿಗೆ ಈಗ ನೆನಪಾಯಿತು. ಕಂಬಿ ಹಿಡಿದುಕೊಂಡು ಕೂತಿದ್ದ ಮೆಹರಾಜಕ್ಕನ ಕೈಯೂ ನೆನಪಾಯಿತು. ಹೋಗಿ ಬಾಗಿಲು ಬಡಿದು ಬೈದರೆ ಕರೀಮ ತಹಶೀಲ್ದಾರನಾಗಿ ಒಂದು ಉತ್ತರ, ಪೊಲೀಸಪ್ಪನಾಗಿ ಇನ್ನೊಂದು ಉತ್ತರ ಕೊಟ್ಟು ಜಾರಿಕೊಳ್ಳುತ್ತಾನೆ ಎಂಬುದು ಅವನಿಗೆ ಗೊತ್ತು. ಹೆದರಿಸುವ ಮಾತು ಹೊರಗಿನವರಿಂದ ಬಂದರೆ ಒಳಗೆ ಬಿಟ್ಟುಕೊಳ್ಳುವವನಲ್ಲ. ಮಾರನೆಯ ದಿನ ಜಗಳೂರಿನ ಕೆಲಸ ಬೇಗ ಮುಗಿಸಿಕೊಂಡು ಬರಲು ಸುಮೇರಾಗೆ ಹೇಳಿ, ಕಲ್ಲೇಶಪ್ಪ ಮನೆಗೆ ಹೋಗಿ, ತನ್ನ ನಂಬರು ಕರೀಮನಿಗೆ ಗುರುತು ಸಿಗುತ್ತದೆಂದು ಮಗಳು ನೇತ್ರಾವತಿಯ ಫೋನು ಕೇಳಿದ. ಹಿತ್ತಲಲ್ಲಿ ದನದ ಮುಂದೆ ನಿಂತು ಏನೇನೋ ಗೊಣಗುತ್ತಿದ್ದ ಅಪ್ಪನನ್ನು ಅವಳು ಎರಡು ಸಲ ಬಂದು ನೋಡಿ ಹೋದಳಂತೆ.

ಗುರುವಾರ ಸಂಜೆ ಐದು ಗಂಟೆಗೆ ಆಪಾಳ ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಕರೀಮ ಚಹಾ ಇಳಿಸಿ, ಸುಮೇರಾಳೇ ಬೇರೆ ಫೋನಿನಿಂದ ಮಾಡಿರಬೇಕು ಎಂದುಕೊಂಡು ಎತ್ತಿದ.

"ಯಾರ್ರೀ ಅದು?" ಎಂದಳು ಆಪಾ.

"ಆಪಾ, ಆಪಾ. ನಾನು ಕರೀಮ, ಕರೀಮ."

ಇಷ್ಟು ಕೆಟ್ಟ ಮಿಮಿಕ್ರಿಯನ್ನು ಕರೀಮ ಜನ್ಮದಲ್ಲಿ ಕೇಳಿರಲಿಲ್ಲ. ಮೂಗಿನಲ್ಲಿ ನೆಗಡಿ ಹಿಡಿದ ಕಲ್ಲೇಶಪ್ಪ ದೊಡ್ಡ ಬಾಯಿ ಮಾಡಿದಂತಿತ್ತು, ಬೇರೇನೂ ಅಲ್ಲ. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತು ಕೇಳಿದ್ದು ಮೈಕಿನ ಕರೀಮನನ್ನು, ಆದ್ದರಿಂದ ಪ್ರತಿ ಮಾತೂ ಎರಡೆರಡು ಸಲ ಬರುತ್ತಿತ್ತು. ಲೇ ಕಲ್ಲೇಶಿ ಎಂಬ ಮಾತು ಕರೀಮನ ನಾಲಿಗೆಯ ತುದಿಗೆ ಬಂತು. ಹೇಳಲಾಗಲಿಲ್ಲ. ಹೇಳಿದರೆ ಆಪಾ ಎದ್ದು ಹೋಗುತ್ತಾಳೆ. ಫೋನು ಕಿವಿಗೊತ್ತಿಕೊಂಡು ಹಾಗೇ ನಿಂತ.

"ದಾವಣಗೆರೆಗೆ ಬಾ ಅಂತಾರೆ ಆಪಾ, ಬಾ ಅಂತಾರೆ. ನಂಗೆ ಭಯ ಆಗೈತೆ." ಆ ಕಡೆಯ ಕರೀಮ ಈ ಸಲ ಎರಡನೇ ಬಾರಿ ಹೇಳಲು ಮರೆತ. "ನೀನು ಆಟೋದಾಗೆ ಕಂಬಿ ಹಿಡ್ಕೊಂಡು ಕುಂತಿದ್ದೆಲ್ಲ, ನಂಗೆ ಅದೇ ಕಣ್ಣಿಗೆ ಬರ್ತೈತೆ. ನಾನು ಹೋಗ್ಲೋ ಬ್ಯಾಡೋ, ನೀನೇ ಹೇಳು."

ಚಹಾದ ಮೇಲೆ ಕೆನೆ ಕಟ್ಟುತ್ತಿತ್ತು. ಯಾರಿಗೂ ಹೇಳದ ಮಾತು ಅದು, ತನಗೆ ತಾನೇ ಹೇಳಿಕೊಂಡದ್ದೂ ಅಲ್ಲ. ಈಗ ತನ್ನದೇ ಹೆಸರು ಹೊತ್ತು ಕಿವಿಯೊಳಗೆ ಬಂದು ಕೂತಿತು. ಅದಕ್ಕೆ ಉತ್ತರ ಹೇಳಬೇಕಾದವಳು ಆಪಾ. ಆಪಾ ಏನು ಹೇಳುತ್ತಿದ್ದಳು ಎಂಬುದರಲ್ಲಿ ಅನುಮಾನವೇ ಇರಲಿಲ್ಲ.

"ನಂಗೆ ಮೊದ್ಲೇ ಗೊತ್ತಾಗ್ಲಿಲ್ಲ ಕಣೋ" ಎಂದಳು ಆಪಾ. ಅಲ್ಲಿಗೆ ಧ್ವನಿ ಸ್ವಲ್ಪ ಒಡೆಯಿತು, ಮತ್ತೆ ಸರಿಯಾಯಿತು. "ನಿಂಗೆ ಗೊತ್ತಾಗೈತೆ. ಇನ್ನೂ ಮನ್ಯಾಗೆ ಕುಂತು ಈರುಳ್ಳಿ ಹೆಚ್ತಾ ಇದೀಯಲ್ಲ, ನಾಚಿಕೆ ಆಗಲ್ವಾ? ಹೋಗು."

"ಒಬ್ನೇ ಹೆಂಗೆ ಹೋಗ್ಲಿ ಆಪಾ, ಹೆಂಗೆ ಹೋಗ್ಲಿ?"

ಕರೀಮನಿಗೆ ಮೂಗು ಸೋರುತ್ತಿತ್ತು. ಜೊತೆಗೆ ಅವನ ಹಳೆಯ ಚಾಳಿಯೂ ತಲೆಯೆತ್ತಿತು.

"ಆ ಕಲ್ಲೇಶಿ ಅದಾನಲ್ಲ, ಅವನ್ನ ಕರ್ಕೊಂಡು ಹೋಗು. ಬುದ್ಧಿ ಇಲ್ಲ ಆ ಕತ್ತೆಗೆ. ಹಾರ ಹಾಕ್ಕೊಂಡು ಮೂರು ತಾಸು ಬಿಸಿಲಾಗೆ ನಿಂತಿದ್ದ ದಡ್ಡ. ಆದ್ರೂ ಗಾಡಿ ನೆಟ್ಟಗೆ ಓಡಿಸ್ತಾನೆ."

ಆ ಕಡೆಯವನಿಗೆ ಕರೀಮನಾಗಿರುವುದೋ, ಕಲ್ಲೇಶಪ್ಪನಾಗಿ ಜಗಳಕ್ಕೆ ನಿಲ್ಲುವುದೋ ಎಂಬ ಧರ್ಮಸಂಕಟ. ಕೊನೆಗೆ, ಬಹಳ ಗಟ್ಟಿಯಾಗಿ, "ಹಂಗನ್ನಬ್ಯಾಡ ಆಪಾ. ಕಲ್ಲೇಶಪ್ಪ ಭಾರಿ ಒಳ್ಳೆಯವನು" ಎಂದಿತು ಫೋನು.

"ಭಾರಿ ಒಳ್ಳೆಯವನು" ಎಂದಿತು ಬೀದಿ.

ಎರಡು ಹಾರ್ನಿನಿಂದ, ಇಡೀ ಓಣಿಗೆ, ಗೋಡೆಗೆ ಬಡಿದು ವಾಪಸ್ಸು ಬರುವಂತೆ. ಗೂಡಿನ ಡಬ್ಬಿಗಳು ಗುಂಯ್ಗುಟ್ಟಿದವು.

ಕರೀಮ ಬಾಗಿಲು ತೆರೆದ. ಓಣಿಯ ಮೂಲೆಯಲ್ಲಿ ಆಟೋ ನಿಂತಿತ್ತು. ಅದರ ಮೂತಿಗೆ ಚೆಂಡುಹೂವಿನ ಹಾರ. ಒಳಗೆ ಇಸ್ತ್ರಿ ಅಂಗಿ ತೊಟ್ಟ ಕಲ್ಲೇಶಪ್ಪ ಬೆನ್ನು ಬಾಗಿಸಿ, ಕಣ್ಣು ಮುಚ್ಚಿ, ಬಲಗೈಯಲ್ಲಿ ಮಗಳ ಫೋನನ್ನೂ ಎಡಗೈಯಲ್ಲಿ ಮೈಕನ್ನೂ ಹಿಡಿದು ಕೂತಿದ್ದ. ಮೈಕು ಕೈಯಲ್ಲಿ ಇಲ್ಲದೆ ಕರೀಮನ ಧ್ವನಿ ಬರುವುದಿಲ್ಲ ಎಂದು ಅವನ ಎಣಿಕೆ. ತನ್ನ ಮಾನದ ಪ್ರಶ್ನೆ ಬಂದಾಗ ಮುಷ್ಟಿ ಬಿಗಿಯಾಗಿ ಗುಂಡಿ ಒತ್ತಿಕೊಂಡದ್ದು ಅವನಿಗೆ ತಿಳಿದೇ ಇರಲಿಲ್ಲ. ಎರಡೂ ಕಿವಿ ಚೆಂಡುಹೂವಿಗಿಂತ ಕೆಂಪಗಿದ್ದವು.

"ಚಿನ್ನದಂಥ ಮನುಷ್ಯ, ಚಿನ್ನದಂಥ ಮನುಷ್ಯ" ಎಂದು ಹಾರ್ನುಗಳು ಸಾರಿದವು. ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸರು ಯಾರು, ಯಾರು ಎಂದು ಕತ್ತು ಚಾಚಿದರು. ಆಟೋದ ಹಿಂದೆ ನಿಂತಿದ್ದ ಸುಮೇರಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಅವನ ಬೆನ್ನಿಗೆ ಗುದ್ದಿದಳು. ಕಲ್ಲೇಶಪ್ಪ ಕಣ್ಣು ಬಿಟ್ಟ. ಬಾಗಿಲಲ್ಲಿ ಕರೀಮ, ಕರೀಮನ ಕಿವಿಯಲ್ಲಿ ಮೆಹರಾಜಕ್ಕನ ಫೋನು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

ಕರೀಮ ಫೋನನ್ನು ನಿಧಾನವಾಗಿ ಕಿವಿಯಿಂದ ಇಳಿಸಿದ. ಅಂಗಿಯ ಜೇಬಿಗೆ ಹಾಕಿಕೊಂಡ.

"ಶನಿವಾರ ಎಷ್ಟು ಗಂಟೆಗಮ್ಮಾ?" ಎಂದು ಸುಮೇರಾಳನ್ನು ಕೇಳಿದ. ಯಾರ ಧ್ವನಿಯೂ ಅಲ್ಲ, ಸ್ವಲ್ಪ ತೆಳ್ಳಗೆ, ಕಫ ಕಟ್ಟಿದಂತೆ.

"ಹತ್ತು ಗಂಟೆಗೆ ಚಾಚಾ. ಏನೂ ತಿನ್ನದೆ ಬರಬೇಕು."

"ಏಳಕ್ಕೇ ಬಾರೋ ಹಂಗಾದ್ರೆ" ಎಂದ ಕಲ್ಲೇಶಪ್ಪನಿಗೆ. "ಹಾರ ಬಿಚ್ಚಬ್ಯಾಡ. ಅಂದಂಗೆ, ನನ್ನ ಧ್ವನಿ ನೆಗಡಿ ಆದ ಎಮ್ಮೆ ಥರ ಇರ್ತೈತೇನೋ?"

"ಇಲ್ಲಪ್ಪ, ಇಲ್ಲಪ್ಪ" ಎಂದವು ಹಾರ್ನುಗಳು.

ನಲ್ಲಿಯ ಹೆಂಗಸರು ಮೊದಲು ನಕ್ಕರು. ಸುಮೇರಾ ದುಪಟ್ಟಾ ಬಿಟ್ಟು ನಕ್ಕಳು. ಕಲ್ಲೇಶಪ್ಪ ಗಾಬರಿಯಲ್ಲಿ ಸ್ವಿಚ್ಚಿಗಾಗಿ ಪೆಟ್ಟಿಗೆಯನ್ನೆಲ್ಲ ತಡಕಿ, ಇದ್ದ ಗುಂಡಿಗಳನ್ನೆಲ್ಲ ಒತ್ತಿ, ವಾಲ್ಯೂಮು ಇನ್ನಷ್ಟು ಏರಿಸಿದ. ಅದನ್ನು ಆರಿಸಲು ಹೋದ ಕರೀಮ ಆಟೋದ ಹತ್ತಿರ ತಲುಪಿದ, ಕೈ ಚಾಚಿದ, ಆದರೆ ಆರಿಸುವಷ್ಟು ತ್ರಾಣ ಉಳಿದಿರಲಿಲ್ಲ. ಹಾರದ ಮೇಲೆ ತಲೆಯಿಟ್ಟು, ಪಕ್ಕೆ ಹಿಡಿದುಕೊಂಡು, ಕಲ್ಲೇಶಪ್ಪನ ಕೈಯಲ್ಲಿ ಇನ್ನೂ ತೆರೆದೇ ಇದ್ದ ಮೈಕಿನ ಬಾಯಿಗೆ ನೇರವಾಗಿ ನಗತೊಡಗಿದ. ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಸಣ್ಣಪ್ಪ ಚಹಾ ಸೋಸುವುದನ್ನು ನಿಲ್ಲಿಸಿ, ಇದ್ಯಾರಪ್ಪಾ ಹೊಸಬ ಎಂದು ಕೇಳಿದನಂತೆ.